ಸೊನ್ನೆಯನ್ನೂ ಬರೆಯಬೇಕು

ರಾತ್ರಿಪಾಳಿ, ಮೇಲೆರಡು ಗಂಟೆ ಹೆಚ್ಚುವರಿ.
ಬಸ್ಸಿನಲ್ಲಿ ಕಣ್ಣು ಹತ್ತಿ
ನನ್ನ ಸ್ಟಾಪು ನನ್ನನ್ನು ಬಿಟ್ಟು ಹೋಯಿತು.
ಚಾಲಕ ಭುಜ ತಟ್ಟಿ, "ಕೊನೆ ಬಂತು, ಇಳಿ" ಅಂದಾಗ
ಎದುರಿಗೊಂದು ಮರದ ಗೇಟು,
ಆಚೆ ಹುಲ್ಲು, ಹುಲ್ಲಿನಾಚೆ ಕಾಡು.
ಲಂಡನ್ನಿನ ನಕ್ಷೆ ಇಲ್ಲಿಗೆ ಹರಿದಿತ್ತೇನೋ.

ಎಂಟು ವರ್ಷದಿಂದ ಆಸ್ಪತ್ರೆಯ ಬಟ್ಟೆ ಒಗೆಯುತ್ತೇನೆ.
ಬಸ್ಸಿನ ಹಣೆಯ ಮೇಲೆ ದಿನಾ ಓದಿದ್ದೆ: ಹ್ಯಾಜ್ಲಿ ವುಡ್.
ಕಾರು ನಿಲ್ಲಿಸುವ ಜಾಗಕ್ಕೂ ಹೀಗೇ ಹೆಸರಿಡುತ್ತಾರೆ ಇಲ್ಲಿ;
ನಿಜಕ್ಕೂ ಮರ ಇದ್ದೀತೆಂದು ಯಾರಿಗೆ ಗೊತ್ತು?

ಗೇಟಿನ ಬಳಿ ಮುದುಕಿ. ಕೊರಳಲ್ಲಿ ಪೆನ್ಸಿಲು, ಕೈಯಲ್ಲಿ ಹಲಗೆ.
"ಕಣ್ಣು ಚೆನ್ನಾಗಿದೆಯಾ ನಿನಗೆ?"
ಅದೇ ಮೊದಲ ಮಾತು.
ಗ್ಲೆನಿಸ್ ಟ್ಯಾಪ್‌ಸ್ಕಾಟ್. ಮೂವತ್ತು ವರ್ಷ
ಮನೆಮನೆಯ ಗ್ಯಾಸ್ ಮೀಟರು ಓದಿದವಳು,
ಈಗ ಚಿಟ್ಟೆ ಎಣಿಸುತ್ತಾಳೆ.
ಬಲಗಣ್ಣಿಗೆ ಪೊರೆ. ಎಡಗಣ್ಣು ಅರೆಬರೆ.

ಅದೇ ದಾರಿ, ಅದೇ ನಡಿಗೆ, ವಾರಕ್ಕೊಮ್ಮೆ.
ಬಿಸಿಲಿರಬೇಕು, ಗಾಳಿ ಜೋರಿರಬಾರದು.
ಎಡಕ್ಕೆ ಎರಡೂವರೆ ಮೀಟರು, ಬಲಕ್ಕೆ ಅಷ್ಟೇ,
ಮುಂದಕ್ಕೆ ಐದು. ಅದರೊಳಗೆ ಹಾರಿದ್ದು ಲೆಕ್ಕ.
ಹಿಂದಿರುಗಿ ನೋಡುವಂತಿಲ್ಲ.

ಹುಲ್ಲಿನಲ್ಲಿ ಮೊಣಕಾಲೆತ್ತರದ ದಿಬ್ಬಗಳು, ನೂರಾರು,
ಹಸಿರು ಹೊದ್ದು ಮಲಗಿದ ಕುರಿಗಳ ಹಾಗೆ.
"ಇರುವೆ ಕಟ್ಟಿದ್ದು. ತುಳಿಯಬೇಡ, ನನಗಿಂತ ಹಿರಿಯವು."
ಬೇಲಿಯಾಚೆ ಕಾರಿನ ಷೋರೂಮಿನ ಬಾವುಟ.
"ಮಫಿನ್! ಮಫಿನ್!" ಎಂದು ಯಾರೋ ಕೂಗುತ್ತಲೇ ಇದ್ದರು,
ಮಫಿನ್ ಬರಲಿಲ್ಲ.

"ಅದೇನು, ಬೆಳ್ಳಗೆ?"
"ಚಿಪ್ಸಿನ ಪೊಟ್ಟಣ."
"ಅಲ್ಲಿ?"
"ಬಿಸಿಲು."
"ಬರಿ. ಮೊದಲ ತುಂಡು, ಸೊನ್ನೆ."
ಎರಡನೆಯದೂ ಸೊನ್ನೆ. ಮೂರನೆಯದೂ.
ಏನೂ ಇಲ್ಲದ್ದನ್ನು ಯಾಕೆ ಬರೆಯಬೇಕು ಅಂದೆ.
ನಿಂತಳು.
"ಖಾಲಿ ಬಿಟ್ಟರೆ ಯಾರೂ ಬರಲಿಲ್ಲ ಅಂತ.
ಸೊನ್ನೆ ಬರೆದರೆ, ಬಂದಿದ್ದೆವು, ನೋಡಿದೆವು ಅಂತ."

ಆಮೇಲೆ ಕಾಡು.
ಒಳಗೆ ಕಾಲಿಟ್ಟದ್ದೇ ತಡ ದನಿ ತಗ್ಗಿತು, ಇಬ್ಬರದೂ,
ಯಾರೂ ಸುಮ್ಮನಿರಿ ಅನ್ನದೆಯೇ.
ಹಾರ್ನ್‌ಬೀಮ್ ಮರಗಳು: ಕಡಿದಲ್ಲೇ ಚಿಗುರಿ, ಮತ್ತೆ ಕಡಿದು, ಮತ್ತೆ ಚಿಗುರಿ
ಒಂದೇ ಬುಡಕ್ಕೆ ಏಳೆಂಟು ಮೈ.
ನೆಲದ ತುಂಬ ಬಿಳಿ ಹೂವು, ಅನಿಮನಿ.
ಒಗೆದು ಹರವಿದ ಹಾಗೆ ಅನ್ನಬಹುದಿತ್ತು.
ಅನ್ನಲಿಲ್ಲ. ಬಿಳಿ ಬಟ್ಟೆ ನನಗೆ ಸಾಕಾಗಿತ್ತು.

"ಇದು ಬೀಜವನ್ನು ನೆಚ್ಚುವುದಿಲ್ಲ. ಬೇರಿನಲ್ಲೇ ತೆವಳುತ್ತದೆ.
ನೂರು ವರ್ಷಕ್ಕೆ ಆರಡಿ, ಹೆಚ್ಚೆಂದರೆ."
ಆರಡಿ.
ಮನುಷ್ಯನಿಗೆ ಕೊನೆಗೆ ದಕ್ಕುವ ನೆಲ.
ಕಣ್ಣಲ್ಲೇ ಅಳೆದೆ, ಈ ಅಂಚಿನಿಂದ ಆ ಓಕ್ ಮರದ ತನಕ,
ಒಬ್ಬರ ಪಕ್ಕ ಒಬ್ಬರನ್ನು ಮಲಗಿಸುತ್ತಾ:
ಎಂಟಾಳು, ಒಂಬತ್ತು, ಹತ್ತು...
ಬಸ್ಸಿಲ್ಲದ, ಆಸ್ಪತ್ರೆಯಿಲ್ಲದ,
ನನ್ನ ಹಿರಿಯರ ಕಡಲತೀರಕ್ಕೆ ಇವರ ಹಡಗು
ಇನ್ನೂ ಬಾರದ ಕಾಲಕ್ಕೆ ಮುಟ್ಟಿ
ಅಲ್ಲಿ ಸ್ವಲ್ಪ ಹೊತ್ತು ನಿಂತೆ.
ಅವಳು ಅವಸರ ಮಾಡಲಿಲ್ಲ.

ವಾಪಸು ಗೇಟಿಗೆ ಬಂದಾಗ ಕೇಳಿದಳು, ಹೆಸರೇನು?
"ಎಬೊ. ನಮ್ಮಲ್ಲಿ ಮಂಗಳವಾರ ಹುಟ್ಟಿದವರ ಹೆಸರು."
"ಹಾಗಾದರೆ ಮಂಗಳವಾರ ಬಾ.
ನನ್ನ ಕಣ್ಣು ಈ ಬೇಸಗೆ ದಾಟಲಿಕ್ಕಿಲ್ಲ."
ಮೀಟರು ಓದಿದ ದನಿಯಲ್ಲೇ ಹೇಳಿದಳು.

ಬಸ್ ಸ್ಟಾಪಿನ ವೇಳಾಪಟ್ಟಿಯ ಗಾಜಿನ ಮೇಲೆ
ನಿಂಬೆಹಳದಿ ಚಿಟ್ಟೆಯೊಂದು ಬಂದು ಕೂತು ರೆಕ್ಕೆ ಮಡಿಸಿತು.
ನಾನು ಪೆನ್ಸಿಲಿಗೆ ಕೈ ಚಾಚಿದೆ.
"ದಾರಿ ಮುಗಿದಿದೆ. ಇದು ಲೆಕ್ಕಕ್ಕಿಲ್ಲ."
ಅಂದವಳೇ ಕನ್ನಡಕ ಹಣೆಗೇರಿಸಿ
ಮೂಗು ಗಾಜಿಗೆ ತಾಗುವಷ್ಟು ಬಗ್ಗಿದಳು.

ಬಸ್ಸು ಬಂತು. ಬಾಗಿಲು ತೆರೆಯಿತು, ಮುಚ್ಚಿತು.
ಇಬ್ಬರೂ ಹತ್ತಲಿಲ್ಲ.